ಫ್ರೀಬಿಎಸ್‌ಡಿಗೆ ಯುಇಎಫ್‌ಐ ಬಂದಿದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ಪಿಸಿ ತಯಾರಕರಿಗೆ ಒಂದು ಷರತ್ತು ಹಾಕಿತು. ವಿಂಡೋಸ್ 8ರ ಲೋಗೋ ಬೇಕಿದ್ದರೆ ಯಂತ್ರ ಯುಇಎಫ್‌ಐ (ಯಂತ್ರ ಆನ್ ಆದಾಗ ಮೊದಲು ಓಡಿ ಆಪರೇಟಿಂಗ್ ಸಿಸ್ಟಮ್ ಶುರುಮಾಡಿಸುವ ಹೊಸ ಬಗೆಯ ಫರ್ಮ್‌ವೇರ್) ಮೂಲಕ ಬೂಟ್ ಆಗಬೇಕು, ಒಪ್ಪಿದ ಸಹಿ ಇಲ್ಲದ ಬೂಟ್ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಆಗಿಯೇ ಅಂಗಡಿಗೆ ಬರಬೇಕು. ಹಳೆಯ ಫರ್ಮ್‌ವೇರ್ ಆದ ಬಯಾಸ್‌ನಂತೆ ನಟಿಸುವ ಸಿಎಸ್‌ಎಂ ಎಂಬ ಭಾಗ ಇನ್ನೂ ಬಹುತೇಕ ಯಂತ್ರಗಳಲ್ಲಿ ಇತ್ತು, ನಿಜ. ಆದರೆ ಅದು ಹೋಗುವ ದಾರಿಯಲ್ಲಿದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಲಿನಕ್ಸ್ ಅಷ್ಟೊತ್ತಿಗೆ ಸಿದ್ಧವಾಗಿತ್ತು. ಅದೇ ವರ್ಷ ಬಂದ 3.3 ಕರ್ನಲ್‌ಗೆ (ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದನ್ನು ಮೆಮೊರಿಗೆ ತರುವ ಬೂಟ್‌ಲೋಡರ್ ಇಲ್ಲದೆ ನೇರವಾಗಿ ಫರ್ಮ್‌ವೇರ್‌ನಿಂದ ಶುರುವಾಗುವುದೂ ಬರುತ್ತಿತ್ತು. ಫ್ರೀಬಿಎಸ್‌ಡಿ ಸಿದ್ಧವಾಗಿರಲಿಲ್ಲ.

ಫ್ರೀಬಿಎಸ್‌ಡಿ ಹೆಸರು ಕೇಳದವರಿಗೆ ಎರಡು ಮಾತು. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಿಂದ ಬಂದ, 1993ರಿಂದ ನಡೆಯುತ್ತಿರುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಇದು. ನೆಟ್‌ಫ್ಲಿಕ್ಸ್‌ನ ವಿಡಿಯೋ ಕಳಿಸುವ ಸರ್ವರ್‌ಗಳಲ್ಲಿ ಇದೇ ಇದೆ. ಜುನಿಪರ್‌ನ ಜುನೋಸ್, ನೆಟ್‌ಆ್ಯಪ್‌ನ ಸ್ಟೋರೇಜ್ ಸಾಫ್ಟ್‌ವೇರ್ ಇದರ ಮೇಲೆ ಕಟ್ಟಿದ್ದು. ಹಾಗಾಗಿ ಬೆಂಗಳೂರಿನ ಆ ಆಫೀಸುಗಳಲ್ಲಿ ಕೂತವರಿಗೆ ಇದು ಹೊಸ ಹೆಸರೇನಲ್ಲ.

ಈ ಪ್ರಕರಣ ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. ಹೊರಗಿನಿಂದ ನೋಡಿದರೆ ಇದು ಒಂದು ಹೊಸ ಬೂಟ್‌ಲೋಡರ್ ಬರೆಯುವ ಕೆಲಸ. ಒಳಗೆ ಹೋದರೆ ಲೋಡರ್ ಅದರ ಸಣ್ಣ ಪಾಲು. ಪಿಸಿ ಅಂದರೆ ಬಯಾಸ್ ಅಂದುಕೊಂಡು ಬರೆದ ಸಾಲುಗಳು ಕರ್ನಲ್‌ನಲ್ಲಿ, ಸ್ಕ್ರೀನ್ ಮೇಲೆ ಅಕ್ಷರ ತೋರಿಸುವ ಕನ್ಸೋಲ್‌ನಲ್ಲಿ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನಲ್ಲಿ, ಇನ್‌ಸ್ಟಾಲರ್‌ನಲ್ಲಿ ಎಲ್ಲೆಲ್ಲೋ ಕೂತಿದ್ದವು. ಅವನ್ನು ಒಂದೊಂದಾಗಿ ಹುಡುಕಿ ಎಬ್ಬಿಸುವುದೇ ನಿಜವಾದ ಕೆಲಸವಾಯಿತು.

ಹಳೆಯ ದಾರಿ

ಬಯಾಸ್ ಮಾಡುವುದು ಬಹಳ ಕಡಿಮೆ. ಡಿಸ್ಕಿನ ಮೊದಲ ಸೆಕ್ಟರ್‌ನ 512 ಬೈಟ್ ಓದಿ ಅದಕ್ಕೆ ಜಿಗಿಯುತ್ತದೆ, ಅಷ್ಟೇ. ಆ 512ರಲ್ಲಿ ಪಾರ್ಟಿಷನ್ ಟೇಬಲ್ ಕಳೆದರೆ ಕೋಡ್‌ಗೆ ಸಿಗುವುದು 446 ಬೈಟ್. ಅದರಲ್ಲಿ ಏನು ತಾನೆ ಬರೆಯಲಾದೀತು? ಅದಕ್ಕೇ ಫ್ರೀಬಿಎಸ್‌ಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಬೂಟ್0, ಆಮೇಲೆ ಬೂಟ್1, ಆಮೇಲೆ ಬೂಟ್2, ಕೊನೆಗೆ ಲೋಡರ್. ನಡುವೆ ಬಿಟಿಎಕ್ಸ್ ಎಂಬ ಪುಟ್ಟ ಕರ್ನಲ್. ರಾಬರ್ಟ್ ನಾರ್ಡಿಯರ್ ಬರೆದದ್ದು. ಲೋಡರ್ 32 ಬಿಟ್‌ನಲ್ಲಿ ಓಡುತ್ತದೆ, ಬಯಾಸ್ 16 ಬಿಟ್‌ನದು. ಲೋಡರ್‌ಗೆ ಡಿಸ್ಕ್ ಓದಬೇಕು ಅನಿಸಿದಾಗಲೆಲ್ಲ ಬಿಟಿಎಕ್ಸ್ ಇಬ್ಬರ ನಡುವೆ ದುಭಾಷಿ ಆಗುತ್ತಿತ್ತು.

ಯುಇಎಫ್‌ಐನಲ್ಲಿ ಈ ಮೆಟ್ಟಿಲು ಯಾವುದೂ ಬೇಡ. ಫರ್ಮ್‌ವೇರ್‌ಗೇ ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಟೇಬಲ್ ಓದಲು ಬರುತ್ತದೆ, ಫ್ಯಾಟ್ ಫೈಲ್ ಸಿಸ್ಟಮ್ ಓದಲು ಬರುತ್ತದೆ. ಇಎಸ್‌ಪಿ ಎಂಬ ಪಾರ್ಟಿಷನ್‌ನಲ್ಲಿ ಗೊತ್ತುಮಾಡಿದ ಹೆಸರಿನ ಫೈಲ್ ಇಟ್ಟರೆ ಅದನ್ನು ಮೆಮೊರಿಗೆ ತಂದು 64 ಬಿಟ್‌ನಲ್ಲೇ ಓಡಿಸುತ್ತದೆ. ಓದುವಾಗ ಎಷ್ಟು ಸುಲಭ, ಅಲ್ವಾ?

ತಮಾಷೆ ಏನೆಂದರೆ, ಫ್ರೀಬಿಎಸ್‌ಡಿಗೆ ಇಎಫ್‌ಐ ಹೊಸದಾಗಿರಲಿಲ್ಲ. ಇಂಟೆಲ್ ಇಎಫ್‌ಐ ಶುರುಮಾಡಿದ್ದೇ ಇಟಾನಿಯಂ ಚಿಪ್‌ಗಾಗಿ. ಫ್ರೀಬಿಎಸ್‌ಡಿಯನ್ನು ಇಟಾನಿಯಂಗೆ ತಂದ ಡಗ್ ರಾಬ್ಸನ್ ಆ ಕಾಲದಲ್ಲೇ ಇಎಫ್‌ಐ ಲೋಡರ್ ಬರೆದಿದ್ದರು. 2003ರ ಜನವರಿಯಲ್ಲಿ ಬಂದ 5.0 ಆವೃತ್ತಿಗೆ ಇಟಾನಿಯಂ ಬೆಂಬಲವಿತ್ತು. ಅಂದರೆ ಹತ್ತು ವರ್ಷದಿಂದ ಅದರ ಸೋರ್ಸ್ ಕೋಡ್‌ನಲ್ಲೇ ಇಎಫ್‌ಐ ಕೋಡ್ ಇತ್ತು. ಆದರೆ ಜನ ಕೊಳ್ಳುವ ಪಿಸಿಯ ಕರ್ನಲ್‌ಗೆ, ಅಂದರೆ ಎಎಂಡಿ64 ಕರ್ನಲ್‌ಗೆ, ಗೊತ್ತಿದ್ದದ್ದು ಬಯಾಸ್ ಮಾತ್ರ.

ಕೆಲಸ ಯಾರ ಪಾಲಿಗೆ ಬಂತು

ಇಂಥ ಕೆಲಸ ಬಿಡುವಿನ ವೇಳೆಯಲ್ಲಿ ಸುಮ್ನೆ ಮುಗಿಯುವುದಲ್ಲ. ಯಾರಿಗೂ ಇದರ ಮೇಲೆ ಪ್ರೀತಿ ಇರುವುದಿಲ್ಲ, ಆದರೆ ಎಲ್ಲರಿಗೂ ಬೇಕು. ಫ್ರೀಬಿಎಸ್‌ಡಿ ಫೌಂಡೇಶನ್ ದುಡ್ಡು ಹಾಕಿತು. ಬೆನ್ನೋ ರೈಸ್ 2013ರಲ್ಲಿ ಪ್ರತ್ಯೇಕ ಬ್ರ್ಯಾಂಚ್‌ನಲ್ಲಿ ಕೆಲಸ ಶುರುಮಾಡಿದರು. ಎಡ್ ಮಾಸ್ಟ್ ಅದನ್ನು ಮುಂದುವರಿಸಿ 2014ರ ಏಪ್ರಿಲ್‌ನಲ್ಲಿ ಮುಖ್ಯ ಬ್ರ್ಯಾಂಚ್‌ಗೆ ಸೇರಿಸಿದರು. ಜನರ ಕೈಗೆ ಬಂದಿದ್ದು ಅದೇ ನವೆಂಬರ್‌ನಲ್ಲಿ, 10.1 ಆವೃತ್ತಿಯ ಜೊತೆ.

ಲಿನಕ್ಸ್‌ನಲ್ಲಿ ಬಳಸುವ ಗ್ರಬ್ ಎಂಬ ಬೂಟ್‌ಲೋಡರನ್ನೇ ಬಳಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಗ್ರಬ್‌ಗೆ ಫ್ರೀಬಿಎಸ್‌ಡಿ ಕರ್ನಲ್ ಲೋಡ್ ಮಾಡುವುದು ಗೊತ್ತು. ಆದರೆ ಗ್ರಬ್‌ನ ಲೈಸೆನ್ಸ್ ಜಿಪಿಎಲ್ 3. ಆ ಲೈಸೆನ್ಸಿನ ಕೋಡನ್ನು ಫ್ರೀಬಿಎಸ್‌ಡಿ ತನ್ನ ಮೂಲ ವ್ಯವಸ್ಥೆಯಿಂದ ದೂರವೇ ಇಟ್ಟಿತ್ತು. ಇದೇ ಕಾರಣಕ್ಕೆ ಅದರ ಜಿಸಿಸಿ ಕಂಪೈಲರ್ 4.2.1ರಲ್ಲೇ ನಿಂತುಹೋಗಿತ್ತು. ಜಿಪಿಎಲ್ 2ರಲ್ಲಿ ಬಂದ ಕೊನೆಯ ಜಿಸಿಸಿ ಅದು. ಈ ವಿಷಯ ಇಲ್ಲಿಗೇ ಮುಗಿಯಲಿಲ್ಲ, ಮುಂದಿನ ಹೆಜ್ಜೆಯಲ್ಲೇ ಕಾಲಿಗೆ ತೊಡರಿತು.

ಯುಇಎಫ್‌ಐ ಸೇವೆಗಳನ್ನು ಕರೆಯುವ ಪದ್ಧತಿ ಮೈಕ್ರೋಸಾಫ್ಟ್‌ನದು. ಫಂಕ್ಷನ್‌ಗೆ ಕೊಡುವ ಮೊದಲ ನಾಲ್ಕು ಮೌಲ್ಯಗಳು ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8, ಆರ್9 ಎಂಬ ರಿಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳಲ್ಲಿ, ಇರಬೇಕು. ಯುನಿಕ್ಸ್ ಕಡೆಯ ಪದ್ಧತಿ ಬೇರೆ, ಅಲ್ಲಿ ಮೊದಲ ಎರಡು ಹೋಗುವುದು ಆರ್‌ಡಿಐ, ಆರ್‌ಎಸ್‌ಐಗೆ. ಇದು ಹೊಂದದೆ ಕರೆದರೆ ಫರ್ಮ್‌ವೇರ್ ತಪ್ಪು ರಿಜಿಸ್ಟರ್ ಓದುತ್ತದೆ, ಯಂತ್ರ ಸತ್ತುಬೀಳುತ್ತದೆ. ಈ ಫಂಕ್ಷನ್ ಮಾತ್ರ ಮೈಕ್ರೋಸಾಫ್ಟ್ ಪದ್ಧತಿಯಲ್ಲಿ ಕರೆ ಎಂದು ಕಂಪೈಲರ್‌ಗೆ ಹೇಳುವ ಗುರುತು ಒಂದಿದೆ. ಹಳೆಯ ಜಿಸಿಸಿ 4.2ಕ್ಕೆ ಅದು ಗೊತ್ತೇ ಇರಲಿಲ್ಲ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ಗೆ ಗೊತ್ತಿತ್ತು. 2014ರ ಜನವರಿಯಲ್ಲಿ ಬಂದ 10.0ರಲ್ಲಿ ಕ್ಲ್ಯಾಂಗ್ ಮುಖ್ಯ ಕಂಪೈಲರ್ ಆಗಿತ್ತು. ಹಳೆ ಜಿಸಿಸಿಯಿಂದ ಕಟ್ಟುವವರಿಗೆ ಯುಇಎಫ್‌ಐ ಲೋಡರ್ ಕಟ್ಟುವುದನ್ನೇ ಬಿಟ್ಟುಬಿಡಲಾಯಿತು. ಕ್ಲ್ಯಾಂಗ್‌ಗೆ ಹೋಗುವ ನಿರ್ಧಾರ ಲೈಸೆನ್ಸಿನ ಜಗಳದಿಂದ ಬಂದದ್ದು. ಅದು ಬೂಟ್ ಕೆಲಸಕ್ಕೆ ದಾರಿ ಮಾಡಿಕೊಡುತ್ತದೆ ಎಂದು ಆಗ ಯಾರು ಲೆಕ್ಕ ಹಾಕಿದ್ದರು?

ಫೈಲಿನ ರೂಪವೂ ತಲೆನೋವೇ. ಫರ್ಮ್‌ವೇರ್‌ಗೆ ಬೇಕಾದದ್ದು ವಿಂಡೋಸ್ ಬಗೆಯ ಪಿಇ ಫೈಲ್, ಫ್ರೀಬಿಎಸ್‌ಡಿಯ ಲಿಂಕರ್ ಕೊಡುವುದು ಇಎಲ್‌ಎಫ್. ಅದಕ್ಕೆ ಲೋಡರನ್ನು ಮೊದಲು ಹಂಚಿಕೆಯ ಲೈಬ್ರರಿಯಂತೆ ಕಟ್ಟಿ, ಆಮೇಲೆ ಆಬ್ಜ್‌ಕಾಪಿ ಎಂಬ ಸಾಧನದಿಂದ ಪಿಇ ಚೌಕಟ್ಟಿಗೆ ಹಾಕುತ್ತಾರೆ. ಓಡಲು ಶುರುವಾದ ಕೂಡಲೇ ಲೋಡರ್ ತನ್ನ ವಿಳಾಸಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ನೋಡಲು ಚೆನ್ನಾಗಿಲ್ಲ, ಆದರೆ ನಡೆಯುತ್ತದೆ.

ಕೀಲಿ ಒಪ್ಪಿಸುವ ಗಳಿಗೆ

ಕರ್ನಲ್‌ಗೆ ಯಂತ್ರ ಒಪ್ಪಿಸುವ ಹಂತ ಇಡೀ ಕೆಲಸದಲ್ಲಿ ಅತ್ಯಂತ ಕುತೂಹಲದ ಭಾಗ. ಅದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕರ್ನಲ್‌ಗೆ ಮೊದಲು ಬೇಕಾದದ್ದು ಮೆಮೊರಿಯ ಲೆಕ್ಕ. ಎಷ್ಟು ರ್‍ಯಾಮ್ ಇದೆ, ಯಾವ ಭಾಗ ಮುಟ್ಟಬಾರದು. ಬಯಾಸ್ ಕಾಲದಲ್ಲಿ ಇ820 ಎಂಬ ಕರೆಯಿಂದ ಈ ಪಟ್ಟಿ ಸಿಗುತ್ತಿತ್ತು. ಯುಇಎಫ್‌ಐ ಪಟ್ಟಿಯ ರೂಪ ಬೇರೆ, ವಿವರ ಜಾಸ್ತಿ. ಹಾಗಾಗಿ ಅದನ್ನು ಓದುವುದನ್ನು ಕರ್ನಲ್‌ಗೆ ಹೊಸದಾಗಿ ಕಲಿಸಬೇಕಾಯಿತು. ಯಂತ್ರದ ಹಾರ್ಡ್‌ವೇರ್ ವಿವರ ಇರುವ ಎಸಿಪಿಐ ಟೇಬಲ್‌ಗಳದ್ದೂ ಅದೇ ಕಥೆ. ಮೊದಲೆಲ್ಲ ಕರ್ನಲ್ ಬಯಾಸ್ ಇರುವ ಮೆಮೊರಿ ಭಾಗವನ್ನು ಉದ್ದಕ್ಕೂ ತಡಕಾಡಿ ಅದರ ಬೇರು ಹುಡುಕಿಕೊಳ್ಳುತ್ತಿತ್ತು. ಯುಇಎಫ್‌ಐ ಯಂತ್ರದಲ್ಲಿ ಅದು ಅಲ್ಲೇ ಇರಬೇಕು ಎಂದೇನಿಲ್ಲ. ಫರ್ಮ್‌ವೇರ್ ಕೊಡುವ ಟೇಬಲ್ ಪಟ್ಟಿಯಿಂದ ವಿಳಾಸ ತೆಗೆದು, ಲೋಡರ್ ಒಂದು ಸುಳಿವಿನ ರೂಪದಲ್ಲಿ ಕರ್ನಲ್‌ಗೆ ಕೊಡುವಂತೆ ಮಾಡಿದರು.

ಆಮೇಲೆ ಬರುವುದು ಎಕ್ಸಿಟ್ ಬೂಟ್ ಸರ್ವೀಸಸ್ ಎಂಬ ಕರೆ. ಇದು ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ. ಮನೆಯಲ್ಲಿ ಏನೇನಿದೆ ಎಂಬ ಪಟ್ಟಿ ತೋರಿಸಿ ಕೀಲಿ ಒಪ್ಪಿಸಬೇಕು, ಪಟ್ಟಿ ಬರೆದ ಮೇಲೆ ಒಂದು ಚಮಚ ಅತ್ತಿತ್ತ ಆಗಿದ್ದರೂ ಓನರ್ ಒಪ್ಪುವುದಿಲ್ಲ. ಲೋಡರ್ ಮೆಮೊರಿ ಪಟ್ಟಿ ಕೇಳಿದಾಗ ಫರ್ಮ್‌ವೇರ್ ಅದರ ಜೊತೆ ಒಂದು ಗುರುತು ಸಂಖ್ಯೆ ಕೊಡುತ್ತದೆ. ಬಿಡುಗಡೆ ಕೇಳುವಾಗ ಅದೇ ಸಂಖ್ಯೆ ತೋರಿಸಬೇಕು. ನಡುವೆ ಯಾರಾದರೂ ಸ್ವಲ್ಪ ಮೆಮೊರಿ ಕೇಳಿ ಪಡೆದಿದ್ದರೆ ಪಟ್ಟಿ ಹಳತಾಯಿತು, ಕರೆ ತಿರಸ್ಕೃತ. ಪಟ್ಟಿ ಇಡಲು ನಾವೇ ಮೆಮೊರಿ ಕೇಳಿದರೂ ಪಟ್ಟಿ ಬದಲಾಗುತ್ತದೆ! ಅದಕ್ಕೇ ಜಾಗ ಮೊದಲೇ ತೆಗೆದಿಟ್ಟು, ಪಟ್ಟಿ ಕೇಳಿ, ತಕ್ಷಣ ಬಿಡುಗಡೆ ಕೇಳಬೇಕು. ಆಗಲಿಲ್ಲವೋ, ಪಟ್ಟಿ ಮತ್ತೆ ಕೇಳಿ ಮತ್ತೆ ಪ್ರಯತ್ನಿಸಬೇಕು.

ಬಿಡುಗಡೆ ಸಿಕ್ಕ ಮೇಲೆ ಹಿಂದೆ ತಿರುಗುವ ಹಾಗಿಲ್ಲ. ಡಿಸ್ಕ್ ಓದುವ ಸೇವೆ ಇಲ್ಲ, ಸ್ಕ್ರೀನ್ ಮೇಲೆ ಬರೆಯುವ ಸೇವೆಯೂ ಇಲ್ಲ. ಇಲ್ಲಿ ಏನಾದರೂ ಕೆಟ್ಟರೆ ಸ್ಕ್ರೀನ್ ಮೇಲೆ ಲೋಡರ್ ಬಿಟ್ಟುಹೋದ ಕೊನೆಯ ಸಾಲು ಹಾಗೇ ನಿಂತಿರುತ್ತದೆ. ಕರ್ನಲ್ ಸತ್ತಿತೋ, ಓಡುತ್ತಿದ್ದೂ ಮಾತಾಡಲಾರದೆ ಇದೆಯೋ ತಿಳಿಯುವುದಿಲ್ಲ. ಸೀರಿಯಲ್ ಪೋರ್ಟ್ ಇದ್ದರೆ ಬಚಾವ್, ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಅದೆಲ್ಲಿ? ಇಂಥ ಕೆಲಸ ಕಲಿಯಬೇಕು ಅನ್ನುವವರು ನಿಜವಾದ ಯಂತ್ರದಿಂದ ಶುರು ಮಾಡದೆ, ಯಂತ್ರವನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಇಎಂಯು ಒಳಗೆ ಒವಿಎಂಎಫ್ ಎಂಬ ಯುಇಎಫ್‌ಐ ಫರ್ಮ್‌ವೇರ್ ಹಾಕಿಕೊಂಡು ಶುರು ಮಾಡುವುದು ಒಳ್ಳೆಯದು. ಅಲ್ಲಿ ಸೀರಿಯಲ್ ಪೋರ್ಟ್ ಪುಕ್ಕಟೆ.

ಇನ್ನೊಂದು ಗಂಟು ಇತ್ತು. ಎಎಂಡಿ64 ಕರ್ನಲ್ ಭೌತಿಕ ಮೆಮೊರಿಯ 2 ಮೆಗಾಬೈಟ್ ವಿಳಾಸದಲ್ಲೇ ಕೂರಬೇಕು ಎಂದು ಕಟ್ಟಲಾಗಿತ್ತು. ಬಯಾಸ್ ಯಂತ್ರದಲ್ಲಿ ಆ ಜಾಗ ಖಾಲಿ ಇರುತ್ತಿತ್ತು. ಯುಇಎಫ್‌ಐ ಯಂತ್ರದಲ್ಲಿ ಮೆಮೊರಿಯೆಲ್ಲ ಫರ್ಮ್‌ವೇರ್‌ನ ಸುಪರ್ದಿಯಲ್ಲಿ. ಅದು ತನ್ನ ಡೇಟಾವನ್ನು ಎಲ್ಲಿ ಬೇಕಾದರೂ ಇಡಬಹುದು. ಇದಕ್ಕೆ ಕಂಡುಕೊಂಡ ಉಪಾಯ ಹೀಗಿತ್ತು. ಕರ್ನಲ್ ಮತ್ತು ಮಾಡ್ಯೂಲ್‌ಗಳನ್ನು ಬೇರೆಲ್ಲೋ ತಾತ್ಕಾಲಿಕ ಜಾಗದಲ್ಲಿ ಜೋಡಿಸಿಡುವುದು. ಬಿಡುಗಡೆ ಸಿಕ್ಕ ಕೂಡಲೇ ಒಂದು ಪುಟ್ಟ ಕೋಡ್ ಎಲ್ಲವನ್ನೂ 2 ಮೆಗಾಬೈಟ್‌ಗೆ ನಕಲಿಸಿ ಕರ್ನಲ್‌ಗೆ ಜಿಗಿಯುವುದು.

ಬಹುಪಾಲು ಯಂತ್ರಗಳಲ್ಲಿ ಇದು ನಡೆಯಿತು. ಆದರೆ ಬಿಡುಗಡೆಯ ನಂತರವೂ ಉಳಿಯುವ ರನ್‌ಟೈಮ್ ಡೇಟಾವನ್ನು ಫರ್ಮ್‌ವೇರ್ ಆ ಜಾಗದಲ್ಲೇ ಇಟ್ಟಿದ್ದರೆ? ಅದರ ಮೇಲೆ ನಕಲಿಸಿದಂತಾಯಿತು. ತಾತ್ಕಾಲಿಕ ಜಾಗಕ್ಕೂ ಒಂದು ಅಳತೆ ಇತ್ತು, ದೊಡ್ಡ ಮಾಡ್ಯೂಲ್‌ಗಳು, ಮೆಮೊರಿ ಡಿಸ್ಕ್ ಇಮೇಜ್‌ಗಳು ಅದರಲ್ಲಿ ಹಿಡಿಸುತ್ತಿರಲಿಲ್ಲ. ಈ ನಕಲು ಹೋಗಲು 2022ರ 13.1 ಆವೃತ್ತಿ ಬರಬೇಕಾಯಿತು. ಆಗ ಕರ್ನಲ್ ಇಟ್ಟಲ್ಲೇ ಓಡಲು ಕಲಿತಿತ್ತು. ಈ ಕರ್ನಲ್‌ಗೆ ನಕಲು ಬೇಕೋ ಬೇಡವೋ ಎಂದು ಲೋಡರ್ ತಾನೇ ನೋಡಿ ತೀರ್ಮಾನಿಸುತ್ತದೆ.

ಸ್ಕ್ರೀನ್ ಇಲ್ಲದ ಕರ್ನಲ್

ನನ್ನ ಪ್ರಕಾರ ಇಡೀ ಪ್ರಕರಣದ ಜುಟ್ಟು ಕನ್ಸೋಲ್ ಕೈಯಲ್ಲಿತ್ತು. ಬೂಟ್ ವಿಷಯ ಮಾತಾಡುವಾಗ ಯಾರೂ ಮೊದಲು ಇದನ್ನು ಎತ್ತುವುದಿಲ್ಲ.

ಫ್ರೀಬಿಎಸ್‌ಡಿಯ ಹಳೆ ಕನ್ಸೋಲ್ ಡ್ರೈವರ್ ಸಿಸ್‌ಕಾನ್ಸ್. ಅದು ವಿಜಿಎ ಟೆಕ್ಸ್ಟ್ ಮೋಡ್ ನಂಬಿಕೊಂಡಿತ್ತು. 80 ಕಾಲಂ, 25 ಸಾಲು, ಅಕ್ಷರಕ್ಕೆ ಒಂದು ಬೈಟ್, ಬಣ್ಣಕ್ಕೆ ಒಂದು ಬೈಟ್. ಅಕ್ಷರದ ಆಕಾರ ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡ್‌ನದು. ಯುಇಎಫ್‌ಐನಲ್ಲಿ ಬೂಟ್ ಆದ ಯಂತ್ರ ಟೆಕ್ಸ್ಟ್ ಮೋಡ್‌ನಲ್ಲಿ ಇರುವುದಿಲ್ಲ. ಜಿಒಪಿ ಎಂಬ ಸೇವೆ ಒಂದು ಫ್ರೇಮ್‌ಬಫರ್ ಕೊಡುತ್ತದೆ, ಅಂದರೆ ಬರೀ ಪಿಕ್ಸೆಲ್‌ಗಳ ಸಾಲು. ಜಿಒಪಿ ಕೂಡ ಬೂಟ್ ಸೇವೆಯೇ, ಬಿಡುಗಡೆಯ ನಂತರ ರೆಸಲ್ಯೂಷನ್ ಬದಲಿಸಿ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ವಿಳಾಸ, ಅಗಲ, ಎತ್ತರ, ಬಣ್ಣದ ಬಿಟ್‌ಗಳ ಕ್ರಮ ಎಲ್ಲ ಲೋಡರ್ ಮೊದಲೇ ಬರೆದುಕೊಂಡು ಕರ್ನಲ್‌ಗೆ ಕೊಡಬೇಕು. ಅಲ್ಲಿಂದ ಮುಂದೆ ಪ್ರತಿ ಅಕ್ಷರವನ್ನೂ ಕರ್ನಲ್ ತಾನೇ ಫಾಂಟ್ ನೋಡಿ ಚುಕ್ಕಿ ಚುಕ್ಕಿಯಾಗಿ ಬಿಡಿಸಬೇಕು.

ಅದೃಷ್ಟಕ್ಕೆ ಬೇರೊಂದು ಕೆಲಸ ಪಕ್ಕದಲ್ಲೇ ನಡೆದಿತ್ತು. ಎಡ್ ಸ್ಖೌಟೆನ್ ನ್ಯೂಕಾನ್ಸ್ ಹೆಸರಿನಲ್ಲಿ ಶುರುಮಾಡಿ ಬಿಟ್ಟಿದ್ದ ಹೊಸ ಕನ್ಸೋಲನ್ನು ಅಲೆಕ್ಸಾಂಡರ್ ರಿಬಾಲ್ಕೋ ಫೌಂಡೇಶನ್ ನೆರವಿನಿಂದ ಮತ್ತೆ ಕೈಗೆತ್ತಿಕೊಂಡಿದ್ದರು. ವಿಟಿ ಅಂತ ಅದರ ಹೆಸರು. ವಿಟಿಗೆ ಇಎಫ್‌ಐ ಫ್ರೇಮ್‌ಬಫರ್ ಡ್ರೈವರ್ ಒಂದನ್ನು ಸೇರಿಸಿದ ಮೇಲೆ ಕರ್ನಲ್‌ಗೆ ಬಾಯಿ ಬಂತು. 10.1ರಲ್ಲಿ ಎರಡೂ ಕನ್ಸೋಲ್ ಇದ್ದವು, 11.0ರಲ್ಲಿ ವಿಟಿಯೇ ಸಹಜ ಆಯ್ಕೆಯಾಯಿತು. ವಿಟಿಗೆ ಯುನಿಕೋಡ್ ಗೊತ್ತು. ಹಾಗಾದರೆ ಕನ್ನಡ ಬರುತ್ತಾ ಅಂತ ಕೇಳಬೇಡಿ. ಒಂದು ಚೌಕಕ್ಕೆ ಒಂದು ಅಕ್ಷರ ಕೂರಿಸುವುದಷ್ಟೇ ಅದಕ್ಕೆ ಬರುವುದು, ಒತ್ತಕ್ಷರ ಕೂಡಿಸುವ ಜಾಣತನ ಇಲ್ಲ.

800 ಕಿಲೋಬೈಟ್‌ನ ಉಪಾಯ

ಕೊನೆಗೆ ಉಳಿದಿದ್ದು ಲೋಡರ್ ಫೈಲನ್ನು ಡಿಸ್ಕ್‌ನಲ್ಲಿ ಎಲ್ಲಿ ಇಡುವುದು ಎಂಬ ಪ್ರಶ್ನೆ. ಸುಲಭ ಉತ್ತರ: ಇಎಸ್‌ಪಿಯಲ್ಲಿ. ಆದರೆ ಬಿಲ್ಡ್ ಮಾಡುವಾಗ ರೂಟ್ ಅನುಮತಿ ಇಲ್ಲದೆ ಫ್ಯಾಟ್ ಇಮೇಜ್ ತಯಾರಿಸುವ ಸಾಧನ ಆಗ ಮೂಲ ವ್ಯವಸ್ಥೆಯಲ್ಲಿ ಇರಲಿಲ್ಲ. ನೇಥನ್ ವೈಟ್‌ಹಾರ್ನ್ ಅಡ್ಡದಾರಿ ಹಿಡಿದರು, ಅದೂ ಚಂದದ ಅಡ್ಡದಾರಿ. ಬೂಟ್1.ಇಎಫ್‌ಐ ಎಂಬ ಚಿಕ್ಕ ಪ್ರೋಗ್ರಾಂ ಬರೆದರು. ಫ್ರೀಬಿಎಸ್‌ಡಿಯ ಹಳೆಯ ಫೈಲ್ ಸಿಸ್ಟಮ್ ಆದ ಯುಎಫ್‌ಎಸ್‌ನ ಪಾರ್ಟಿಷನ್ ಹುಡುಕಿ ಅದರೊಳಗಿನ ನಿಜವಾದ ಲೋಡರ್ ಎತ್ತಿಕೊಳ್ಳುವುದಷ್ಟೇ ಅದರ ಕೆಲಸ. ಮೊದಲೇ ಮಾಡಿಟ್ಟ 800 ಕಿಲೋಬೈಟ್‌ನ ಫ್ಯಾಟ್ ಇಮೇಜ್ ಒಂದನ್ನು ಸೋರ್ಸ್ ಜೊತೆಗೇ ಇಟ್ಟರು. ಬಿಲ್ಡ್ ಆಗುವಾಗ ಬೂಟ್1ನ ಬೈಟ್‌ಗಳನ್ನು ಆ ಇಮೇಜ್‌ನ ಗೊತ್ತಾದ ಜಾಗಕ್ಕೆ ನೇರವಾಗಿ ತುಂಬಿದರೆ ಆಯಿತು. ಇನ್‌ಸ್ಟಾಲರ್ ಇಡೀ ಇಮೇಜನ್ನು ಪಾರ್ಟಿಷನ್ ಮೇಲೆ ಬರೆದುಬಿಡುತ್ತಿತ್ತು.

ಹೀಗೆ 10.1 ಹೊರಬಂತು. ಯುಇಎಫ್‌ಐಗೆ ಪ್ರತ್ಯೇಕ ಇಮೇಜ್ ಇಳಿಸಿಕೊಳ್ಳಬೇಕಿತ್ತು. ಯುಎಫ್‌ಎಸ್ ಮೇಲೆ ಮಾತ್ರ ಬೂಟ್, ಝಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಮೇಲೆ ಇಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಫ್ರೀಬಿಎಸ್‌ಡಿ ಜನ ಝಡ್‌ಎಫ್‌ಎಸ್‌ಗಾಗಿಯೇ ಅದನ್ನು ಹಾಕಿಕೊಳ್ಳುವವರು, ಹಾಗಾಗಿ ಅನೇಕರು ಇನ್ನೂ ಸಿಎಸ್‌ಎಂ ಮೇಲೇ ಉಳಿದರು. ಎರಿಕ್ ಮೆಕ್‌ಕಾರ್ಕಲ್ ಬೂಟ್1ಕ್ಕೆ ಝಡ್‌ಎಫ್‌ಎಸ್ ಓದುವುದನ್ನು ಕಲಿಸಿದರು, 2016ರ 10.3ರಲ್ಲಿ ಅದು ಬಂತು. ಪರಿಚಿತ ಬೂಟ್ ಮೆನು ಕೂಡ ಯುಇಎಫ್‌ಐನಲ್ಲಿ ಕಾಣಿಸಿದ್ದು ಆಗಲೇ. ಇತ್ತ ದಾರಿ ತೋರಿಸಿದ ಇಟಾನಿಯಂ ಪೋರ್ಟನ್ನು 2014ರ ಜುಲೈನಲ್ಲಿ, ಅಂದರೆ ಪಿಸಿಯ ಯುಇಎಫ್‌ಐ ಮುಖ್ಯ ಬ್ರ್ಯಾಂಚ್‌ಗೆ ಬಂದ ಕೆಲವೇ ತಿಂಗಳಲ್ಲಿ, ಸೋರ್ಸ್‌ನಿಂದ ತೆಗೆದುಹಾಕಲಾಗಿತ್ತು.

ಆ ಅಡ್ಡದಾರಿ ಸರಿಯಿತ್ತಾ? 2014ರ ಮಟ್ಟಿಗೆ ಸರಿ ಅಂತಲೇ ನಾನು ಹೇಳುತ್ತೇನೆ. ಬೂಟ್ ಆಗದ ಯಂತ್ರಗಳು ಎದುರಿಗಿದ್ದವು, ಬೇಗ ಏನಾದರೂ ಕೊಡಬೇಕಿತ್ತು. 2 ಮೆಗಾಬೈಟ್ ನಕಲು ಕೂಡ ಹಾಗೆಯೇ, ಆಮೇಲೆ ಸಾಫ್ಟ್‌ವೇರ್‌ನಲ್ಲೇ ಸರಿಮಾಡಿಕೊಳ್ಳಬಹುದಾದ ಸಾಲ. ಆದರೆ 800 ಕಿಲೋಬೈಟ್ ಪಾರ್ಟಿಷನ್ ಬೇರೆ ಬಗೆಯ ಸಾಲ. ಅದು ಜನರ ಡಿಸ್ಕ್‌ಗಳ ಮೇಲೆ ಕೂತುಬಿಟ್ಟಿತು. ಇಮೇಜ್ ಎಷ್ಟೇ ಚಿಕ್ಕದಿರಲಿ, ಪಾರ್ಟಿಷನ್ ಮಾತ್ರ ದೊಡ್ಡದಾಗಿ ಮಾಡಿಟ್ಟಿದ್ದರೆ ಆಗುತ್ತಿತ್ತು. ಆಗ ಅದಕ್ಕೆ ಏನೂ ಖರ್ಚಿರಲಿಲ್ಲ. 12.0ರ ಹೊತ್ತಿಗೆ ಬೂಟ್1 ಬೇಡ, ಪೂರ್ತಿ ಲೋಡರನ್ನೇ ಇಎಸ್‌ಪಿಯಲ್ಲಿ ಇಡೋಣ ಎಂಬ ಕಡೆ ಹೋದರು, ಇಎಸ್‌ಪಿಯೂ 200 ಮೆಗಾಬೈಟ್ ಆಯಿತು. ಹಳೆ ಯಂತ್ರ ಅಪ್‌ಗ್ರೇಡ್ ಮಾಡಿಕೊಂಡು ಬಂದವರಿಗೆ ಮಾತ್ರ ಜಾಗ ಸಾಲದು. ಓಡುತ್ತಿರುವ ಸರ್ವರ್‌ನಲ್ಲಿ ಮೊದಲ ಪಾರ್ಟಿಷನ್ ಹಿಗ್ಗಿಸುವುದು ಯಾರಿಗೆ ಬೇಕು?

ಸೆಕ್ಯೂರ್ ಬೂಟ್ ಬಗ್ಗೆ ಹೇಳುವುದು ಕಡಿಮೆ. ಇಎಫ್‌ಐ ಫೈಲಿಗೆ ಸಹಿ ಹಾಕುವ ಯುಇಎಫ್‌ಐಸೈನ್ ಎಂಬ ಸಾಧನ ಬಂದಿದೆ. ಸ್ವಂತ ಕೀಲಿ ಫರ್ಮ್‌ವೇರ್‌ಗೆ ಹಾಕಿಕೊಂಡು ಬಳಸಬಹುದು. ಸಾಮಾನ್ಯ ಬಳಕೆದಾರ ಅದನ್ನು ಮಾಡುವುದಿಲ್ಲ, ಆಫ್ ಮಾಡಿಯೇ ಹಾಕಿಕೊಳ್ಳುತ್ತಾನೆ.

ಇವತ್ತು ಫ್ರೀಬಿಎಸ್‌ಡಿ ಬಳಸುವವರಿಗೆ ಈ ಪ್ರಕರಣದಿಂದ ನೇರವಾಗಿ ತಗಲುವ ವಿಷಯ ಒಂದಿದೆ. ಫ್ರೀಬಿಎಸ್‌ಡಿ-ಅಪ್‌ಡೇಟ್ ಓಡಿಸಿದರೆ ಬೂಟ್ ಫೋಲ್ಡರಿನ ಲೋಡರ್ ಹೊಸತಾಗುತ್ತದೆ, ಇಎಸ್‌ಪಿಯೊಳಗಿನದು ಹಳೆಯದೇ ಉಳಿಯುತ್ತದೆ. ಬಹಳ ದಿನ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಒಂದು ದಿನ ಝಡ್‌ಪೂಲ್ ಅಪ್‌ಗ್ರೇಡ್ ಕೊಡುತ್ತೀರಿ, ಪೂಲ್‌ಗೆ (ಝಡ್‌ಎಫ್‌ಎಸ್ ಡೇಟಾ ಇಡುವ ಡಿಸ್ಕ್‌ಗಳ ಗುಂಪಿಗೆ) ಹೊಸ ಫೀಚರ್ ಸೇರುತ್ತದೆ, ಹಳೆ ಲೋಡರ್‌ಗೆ ಪೂಲ್ ಓದಲು ಬರುವುದಿಲ್ಲ, ಮುಂದಿನ ಬೂಟ್‌ಗೆ ಯಂತ್ರ ಏಳುವುದಿಲ್ಲ. ಹಾಗಾಗಿ ಪೂಲ್ ಮುಟ್ಟುವ ಮೊದಲು ಇಎಸ್‌ಪಿ ಮೌಂಟ್ ಮಾಡಿ. 13ರಿಂದ ಈಚೆಗೆ ಹೊಸದಾಗಿ ಹಾಕಿಕೊಂಡಿದ್ದರೆ ಅದು ಬೂಟ್ ಫೋಲ್ಡರಿನೊಳಗೆ ಇಎಫ್‌ಐ ಹೆಸರಿನಲ್ಲಿ ಇರುತ್ತದೆ. ಅದರೊಳಗೆ ಫ್ರೀಬಿಎಸ್‌ಡಿ ಹೆಸರಿನ ಫೋಲ್ಡರ್‌ನಲ್ಲಿ ಲೋಡರ್.ಇಎಫ್‌ಐ ಇದ್ದರೆ ಅದನ್ನೂ, ಬೂಟ್ ಹೆಸರಿನ ಫೋಲ್ಡರ್‌ನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಇದ್ದರೆ ಅದನ್ನೂ ಹೊಸ ಲೋಡರ್‌ನಿಂದ ಬದಲಿಸಿ. ಎರಡು ಡಿಸ್ಕ್ ಮಿರರ್ ಇದ್ದರೆ ಎರಡರ ಇಎಸ್‌ಪಿಯಲ್ಲೂ. ಇದನ್ನೆಲ್ಲ ಮಾಡುವ ಮೊದಲು ಇಎಸ್‌ಪಿಯ ಗಾತ್ರ ಒಮ್ಮೆ ನೋಡಿ. 800 ಕಿಲೋಬೈಟ್ ಅಂತ ತೋರಿಸಿದರೆ ನಕಲಿಸಲು ಹೋಗಬೇಡಿ, ಮೊದಲು ಜಾಗದ ವ್ಯವಸ್ಥೆ ಆಗಬೇಕು.